ಸರ್ಕಾರ ಮಾಡುವ ಸಾಲ

ಹೊನ್ನಾವರದ ಬಳಿ, ಶರಾವತಿಯ ವಿಶಾಲ ಜಲರಾಶಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕಿ ಚಾಚಿದ ಸೇತುವೆಯಲ್ಲಿ ರೈಲು ಸಾಗುವ ನೋಟ ಯಾರ ಮನಸ್ಸನ್ನೂ ಸೆಳೆಯುವಂಥದು. ಆದರೆ ಆ ಸೇತುವೆ ಬಹುಮಟ್ಟಿಗೆ ಸಾಲದ ಹಣದಿಂದ ಎದ್ದು ನಿಂತಿತೆಂಬುದು ಎಷ್ಟು ಪ್ರಯಾಣಿಕರಿಗೆ ತಿಳಿದಿದೆ?

೧೯೯೦ರಲ್ಲಿ ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾದಾಗ ಮೂಲ ಬಂಡವಾಳದಲ್ಲಿ ಕೇಂದ್ರದ ಪಾಲು ನೂರಕ್ಕೆ ೫೧, ಮಹಾರಾಷ್ಟ್ರದ್ದು ೨೨, ಕರ್ನಾಟಕದ್ದು ೧೫, ಗೋವೆ ಮತ್ತು ಕೇರಳಗಳದು ತಲಾ ೬. ಅಷ್ಟು ಹಣ ಸಾಕಾಗದೆ, ಉಳಿದುದರ ಬಹುಭಾಗವನ್ನು ನಿಗಮವು ಸಾಲಪತ್ರಗಳನ್ನು ಮಾರಿ ಕೂಡಿಸಿತು. ೧೯೯೮ರಲ್ಲಿ ದಾರಿ ಪೂರ್ತಿಯಾಗಿ ತೆರೆಯಿತು. ಕುಮಟಾ, ಹೊನ್ನಾವರ, ಭಟ್ಕಳಗಳಿಗೆ ಮುಂಬಯಿ ಸಮೀಪವಾಯಿತು. ಬಡ್ಡಿಯ ಹೊರೆ ನಿಗಮವನ್ನು ಬಹುಕಾಲ ಬಾಧಿಸಿತೆಂಬುದು ನಿಜ. ಆದರೂ ಸಾಲ ಬಹುತೇಕ ನಮ್ಮ ರೂಪಾಯಿಯಲ್ಲೇ ಇದ್ದಿತು. ಬೆನ್ನಿಗೆ ಕೇಂದ್ರ ಸರ್ಕಾರವಿದ್ದಿತು.

ಸಾಲವು ಪರದೇಶದ ನಾಣ್ಯದಲ್ಲಿದ್ದು, ಬೆನ್ನಿಗೆ ಯಾರೂ ಇಲ್ಲದಿದ್ದರೆ ಏನಾದೀತು? ಆಫ್ರಿಕದ ಘಾನಾ ಮತ್ತು ಕೀನ್ಯಾ ದೇಶಗಳ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ಘಾನಾ ೧೯೫೭ರಲ್ಲಿ ಸ್ವತಂತ್ರವಾಯಿತು. ಕೋಕೋ, ಚಿನ್ನ, ಇತ್ತೀಚೆಗೆ ತೈಲ—ಇವೇ ಅದರ ಆದಾಯದ ಆಧಾರಗಳು. ೨೦೦೪ರಲ್ಲಿ ಬಡದೇಶಗಳ ಸಾಲಪರಿಹಾರ ಯೋಜನೆಯಂತೆ ಅದರ ಹಳೆಯ ಸಾಲದ ದೊಡ್ಡ ಭಾಗ ಮನ್ನಾ ಆಯಿತು. ಮೂರೇ ವರ್ಷಗಳಲ್ಲಿ, ೨೦೦೭ರಲ್ಲಿ, ಅದು ವಿದೇಶೀ ಮಾರುಕಟ್ಟೆಯಲ್ಲಿ ೭೫ ಕೋಟಿ ಡಾಲರುಗಳ ಸಾಲಪತ್ರಗಳನ್ನು ಮಾರಿತು. ಸಾಲದ ಮೇಲೆ ಸಾಲ ಬೆಳೆಯಿತು. ೨೦೨೨ರಲ್ಲಿ ಅದರ ನಾಣ್ಯವಾದ ಸೆಡಿ ಕುಸಿಯಿತು. ಡಿಸೆಂಬರಿನಲ್ಲಿ ಸರ್ಕಾರವು ವಿದೇಶೀ ಸಾಲದ ಬಹುಪಾಲಿನ ಪಾವತಿಯನ್ನೇ ನಿಲ್ಲಿಸಿತು.

೧೯೬೩ರಲ್ಲಿ ಸ್ವತಂತ್ರವಾದ ಕೀನ್ಯಾ ಬೇರೆ ಹಾದಿ ಹಿಡಿಯಿತು. ಅದಕ್ಕೆ ಆ ಮನ್ನಾ ದೊರೆಯಲಿಲ್ಲ. ೨೦೧೪ರಲ್ಲಿ ಅದು ೨೦೦ ಕೋಟಿ ಡಾಲರುಗಳ ಸಾಲಪತ್ರ ಮಾರಿತು. ಮೊಂಬಾಸಾದಿಂದ ನೈರೋಬಿಗೆ ರೈಲುದಾರಿ ಹಾಕಲು ಚೀನದಿಂದ ಸುಮಾರು ೩೨೦ ಕೋಟಿ ಡಾಲರು ತಂದಿತು. ೨೦೧೭ರಲ್ಲಿ ರೈಲು ಓಡಿತು. ಹಳೆಯ ಸಾಲಪತ್ರದ ಗಡುವು ಸಮೀಪಿಸಿದಾಗ, ೨೦೨೪ರ ಫೆಬ್ರವರಿಯಲ್ಲಿ, ನೂರಕ್ಕೆ ೯.೭೫ರ ಬಡ್ಡಿಗೆ ೧೫೦ ಕೋಟಿ ಡಾಲರುಗಳ ಹೊಸ ಸಾಲ ಎತ್ತಿತು. ಮಾತು ಉಳಿಯಿತು. ಆದರೆ ಅದೇ ಜೂನ್ ತಿಂಗಳಿನಲ್ಲಿ ಹೊಸ ತೆರಿಗೆಗಳ ವಿರುದ್ಧ ಯುವಜನರು ಬೀದಿಗಿಳಿದರು, ಪ್ರಾಣಗಳು ಹೋದವು, ಅಧ್ಯಕ್ಷರು ಮಸೂದೆಯನ್ನು ಕೈಬಿಡಬೇಕಾಯಿತು. ಒಂದು ದೇಶದ ಭಾರ ಸಾಲಿಗರ ಮೇಲೂ, ಇನ್ನೊಂದರ ಭಾರ ತೆರಿಗೆ ತೆರುವವರ ಮೇಲೂ ಬಿದ್ದಿತು.

ಈ ಸಂಗತಿಗಳು ನಮ್ಮ ಕರಾವಳಿಗೆ ಹೊಸವಲ್ಲ. ಭಟ್ಕಳದ ಎಷ್ಟೋ ಮನೆಗಳಿಗೆ ದುಬೈಯಿಂದ ದಿರಹಮ್ಮಿನ ಗಳಿಕೆ ಬರುತ್ತದೆ. ರೂಪಾಯಿ ಇಳಿದರೆ ಅವರ ಕೈಗೆ ಹೆಚ್ಚು ಹಣ ಸಿಗುತ್ತದೆ. ಡಾಲರಿನ ಸಾಲಗಾರನಿಗೆ ಇದೇ ಲೆಕ್ಕ ತಿರುಗುಮುರುಗು: ತನ್ನ ನಾಣ್ಯ ಇಳಿದಷ್ಟೂ, ಹೊಸದಾಗಿ ಒಂದು ಕಾಸು ತರದೆಯೇ ಸಾಲ ಬೆಳೆಯುತ್ತದೆ.

ಒಂದೆರಡು ಸರಕುಗಳನ್ನು ನಂಬುವುದರ ಪಾಡನ್ನು ಕುಮಟಾ ಹೇಳಬಲ್ಲುದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೧ರಿಂದ ೧೮೬೫ರವರೆಗೆ, ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿದ್ದ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಕೋಕೋ, ತೈಲಗಳ ಬೆಲೆಗೂ ಅದೇ ಚಂಚಲತೆ.

ಸಾಲ ಮಾಡುವುದೇ ತಪ್ಪೆಂದರೆ ಶರಾವತಿಗೆ ರೈಲುಸೇತುವೆಯೇ ಬರುತ್ತಿರಲಿಲ್ಲ. ಅಡಿಕೆ ತೋಟಕ್ಕೆಂದು ಸಾಲ ತರುವ ರೈತನು ಮೊದಲು ಯೋಚಿಸುವುದು ಫಸಲನ್ನು, ಆಮೇಲೆ ಕಂತನ್ನು. ಸರ್ಕಾರಗಳನ್ನೂ ಕೇಳಬೇಕಾದ ಪ್ರಶ್ನೆಗಳು ಅವೇ: ಹಣ ಯಾವ ಕೆಲಸಕ್ಕೆ? ತೀರಿಸುವುದು ಯಾವ ನಾಣ್ಯದಲ್ಲಿ? ಆ ನಾಣ್ಯ ಬರುವುದು ಯಾವ ಗಳಿಕೆಯಿಂದ? ಸಾಲದ ಮೊತ್ತ ಎಷ್ಟೆಂಬ ಪ್ರಶ್ನೆ ಅದರ ನಂತರದ್ದು.