ದುಂಡು ಮೌಸ್ ದಿಕ್ಕು ತಪ್ಪಿಸಿದ ಕಥೆ

1998ರ ಆಗಸ್ಟ್‌ನಲ್ಲಿ ಆಪಲ್ ಕಂಪೆನಿಯ ಐಮ್ಯಾಕ್ ಮಾರುಕಟ್ಟೆಗೆ ಬಂದಾಗ ಜನ ಅದರ ಬಣ್ಣಕ್ಕೇ ಮರುಳಾದರು. ಅದುವರೆಗೆ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಮಾಸಲು ಬಿಳಿಯ ಡಬ್ಬಿ. ಇದೋ, ಒಳಗಿನ ಅಂಗಾಂಗವೆಲ್ಲ ಮಸುಕಾಗಿ ಕಾಣುವ ನೀಲಿ-ಹಸಿರು ಪ್ಲಾಸ್ಟಿಕ್ಕಿನ ಉಬ್ಬು ಪೆಟ್ಟಿಗೆ! ಜೊತೆಗೊಂದು ಮೌಸ್, ಅದೂ ಇಡ್ಲಿಯಂತೆ ದುಂಡಗೆ. ನೋಡಲು ಬಲು ಮುದ್ದು.

ತೊಂದರೆ ಶುರುವಾದದ್ದು ಕೈಯಿಟ್ಟಾಗ. ಉದ್ದನೆಯ ಮೌಸ್ ಹಿಡಿದರೆ ತಲೆ ಯಾವುದು, ಬಾಲ ಯಾವುದು ಎಂಬುದು ಅಂಗೈಗೇ ತಿಳಿಯುತ್ತದೆ. ಕಣ್ಣು ಪರದೆಯ ಮೇಲೇ ಇರಬಹುದು. ದುಂಡು ಮೌಸ್‌ಗೆ ಎಲ್ಲ ಕಡೆಯೂ ಒಂದೇ. ಕೈಯಲ್ಲಿ ಅದು ತುಸು ತಿರುಗಿದರೂ ಸಾಕು, ನೇರ ಮುಂದಕ್ಕೆ ತಳ್ಳಿದರೆ ಪರದೆಯ ಬಾಣ ಓರೆಯಾಗಿ ಓಡುತ್ತಿತ್ತು. ಮೌಸ್‌ಗೆ ತೊಡಿಸಿ ಅದನ್ನು ಉದ್ದ ಮಾಡುವ ಪ್ಲಾಸ್ಟಿಕ್ ಕವಚಗಳನ್ನು ಬೇರೆಯವರು ಮಾರಿಕೊಂಡರು ಎಂದರೆ ಬಳಸುವವರ ಪಾಡು ಊಹಿಸಿಕೊಳ್ಳಿ. ಆಪಲ್ ಕೂಡ ಆಮೇಲೆ ಗುಂಡಿಯ ಮೇಲೊಂದು ಸಣ್ಣ ಗುಳಿ ಮಾಡಿ ಬೆರಳಿಗೆ ದಿಕ್ಕು ತೋರಿಸಿತು. ಕೊನೆಗೆ 2000ದ ಜುಲೈಯಲ್ಲಿ ಅಂಡಾಕಾರದ ಹೊಸ ಮೌಸ್ ತಂದಿತು.

ಅಷ್ಟಾದರೂ ಚಂದದ ಹಟ ಬಿಡಲಿಲ್ಲವೆನ್ನಿ. 2015ರ ಮ್ಯಾಜಿಕ್ ಮೌಸ್ 2ರಲ್ಲಿ ಚಾರ್ಜಿಂಗ್ ರಂಧ್ರವನ್ನು ಹೊಟ್ಟೆಯಡಿ ಅಡಗಿಸಿದರು. ಚಾರ್ಜ್ ಆಗುವಷ್ಟು ಹೊತ್ತು ಅದನ್ನು ಮಗುಚಿ ಮಲಗಿಸಬೇಕು, ಕೆಲಸ ಬಂದ್! 2024ರಲ್ಲಿ ರಂಧ್ರದ ಮಾದರಿ ಬದಲಾಯಿತು. ಜಾಗ ಮಾತ್ರ ಅಲ್ಲೇ ಉಳಿಯಿತು.