ಭೂಗರ್ಭದ ತೈಲಾಶಯಗಳಲ್ಲಿ ಉಷ್ಣಪ್ರಿಯ ಸೂಕ್ಷ್ಮಜೀವಿಗಳು

ಗುಂಡಿಯಲ್ಲಿ ಒಟ್ಟಿದ ಹಸಿಗೊಬ್ಬರವು ಕೆಲವು ದಿನಗಳಲ್ಲಿಯೇ ಕೈಯಿಡಲಾರದಷ್ಟು ಬಿಸಿಯಾಗುವುದನ್ನು ಜಮೀನುದಾರರೆಲ್ಲರೂ ಕಂಡಿರುತ್ತಾರೆ. ಆ ಶಾಖವನ್ನು ಹುಟ್ಟಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಲ್ಲಿ ಕೆಲವು 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ವೃದ್ಧಿಹೊಂದುವುದರಿಂದ ಅವಕ್ಕೆ ಉಷ್ಣಪ್ರಿಯ ಜೀವಿಗಳೆಂದು ಹೆಸರು. ಗಾಳಿಬೆಳಕುಗಳ ಸೋಂಕಿಲ್ಲದ ಭೂಗರ್ಭದಲ್ಲಿ, ಕಲ್ಲೆಣ್ಣೆ ನಿಂತಿರುವ ಶಿಲಾಸ್ತರಗಳಲ್ಲಿಯೂ ಉಷ್ಣಪ್ರಿಯ ಜೀವಿಗಳುಂಟು. ಅವುಗಳ ನಡವಳಿಕೆಯಲ್ಲಿ ಬತ್ತದ ಬೇಸಾಯಗಾರರು ತಿಳಿಯತಕ್ಕ ತತ್ತ್ವವೊಂದು ಅಡಗಿದೆ.

ತೈಲಾಶಯದ ಸ್ವರೂಪ.— ತೈಲಾಶಯವೆಂದರೆ ನೆಲದೊಳಗಿನ ಎಣ್ಣೆಯ ಕೆರೆಯಲ್ಲ. ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ಎಣ್ಣೆಯೂ ಉಪ್ಪುನೀರೂ ಒಟ್ಟಾಗಿ ಸೇರಿಕೊಂಡಿರುತ್ತವೆ. ಭೂಮಿಯೊಳಕ್ಕೆ ಇಳಿದಂತೆಲ್ಲ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಗಳಂತೆ ಶಾಖವು ಏರುತ್ತದೆ. ಆದಕಾರಣ ಮೂರು ಕಿಲೋಮೀಟರ್ ಆಳದಲ್ಲಿ ನೀರು ಕುದಿಯುವಷ್ಟರ ಸಮೀಪದ ಶಾಖವಿರುವುದು ಆಶ್ಚರ್ಯವಲ್ಲ.

ಜೀವಿಗಳು ಗೊತ್ತಾದ ಬಗೆ.— 1926ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಎಡ್ಸನ್ ಬ್ಯಾಸ್ಟಿನ್ ಎಂಬುವರು ಎಣ್ಣೆಬಾವಿಗಳ ನೀರಿನಲ್ಲಿ ಜೀವಂತ ಸೂಕ್ಷ್ಮಜೀವಿಗಳಿರುವುದನ್ನು ಪ್ರಕಟಿಸಿದರು. ಅವು ಬಾವಿ ಕೊರೆಯುವಾಗ ಮೇಲಿನಿಂದ ಬಿದ್ದವೇ ಹೊರತು ಒಳಗಿನವಲ್ಲವೆಂಬ ಸಂದೇಹವು ಬಹುಕಾಲ ಉಳಿಯಿತು. 1993ರಲ್ಲಿ ಜರ್ಮನಿಯ ಕಾರ್ಲ್ ಸ್ಟೆಟ್ಟರ್ ಮತ್ತು ಸಹೋದ್ಯೋಗಿಗಳು ಉತ್ತರ ಸಮುದ್ರದ ತಳದ ಕೆಳಗೂ ಅಲಾಸ್ಕದ ಹೆಪ್ಪುಗಟ್ಟಿದ ನೆಲದ ಕೆಳಗೂ ಸುಮಾರು 3,000 ಮೀಟರ್ ಆಳದಲ್ಲಿರುವ ಆಶಯಗಳ ದ್ರವವನ್ನು ಪರೀಕ್ಷಿಸಿ, ಅದರಲ್ಲಿನ ಜೀವಿಗಳನ್ನು 85 ಡಿಗ್ರಿಯಲ್ಲಿಯೂ 102 ಡಿಗ್ರಿಯಲ್ಲಿಯೂ ಬೆಳೆಸಿ ತೋರಿಸಿದರು. ಇವು ಬಾವಿಗೆ ಹಾಯಿಸಿದ ಸಮುದ್ರದ ನೀರಿನೊಡನೆ ಒಳಹೊಕ್ಕಿರಬಹುದೆಂದು ಅವರು ಊಹಿಸಿದರು. 1995ರಲ್ಲಿ ಫ್ರಾನ್ಸಿನ ಪ್ಯಾರಿಸ್ ಪ್ರಾಂತದ ಒಳನಾಡಿನ ಆಶಯವೊಂದರಲ್ಲಿಯೂ ಉಷ್ಣಪ್ರಿಯ ಜೀವಿಗಳು ದೊರೆತವು.

ಇವುಗಳಿಂದಾಗುವ ಹಾನಿ.— ಸೂಕ್ಷ್ಮಜೀವಿಗಳು ಎಣ್ಣೆಯ ಲಘುವಾದ ಭಾಗಗಳನ್ನು ಮೊದಲು ತಿಂದು, ಕೀಲಿನಂತೆ ಗಟ್ಟಿಯಾದ ಭಾಗವನ್ನು ಉಳಿಸುತ್ತವೆ. ಆಶಯದ ಶಾಖವು 80 ಡಿಗ್ರಿಯನ್ನು ಮೀರಿದಲ್ಲಿ ಈ ಕೇಡು ಸಾಮಾನ್ಯವಾಗಿ ಕಾಣುವುದಿಲ್ಲ. ಇದಕ್ಕಿಂತಲೂ ತ್ವರಿತವಾದ ಹಾನಿ ಬೇರೊಂದುಂಟು. ಎಣ್ಣೆಯನ್ನು ಮೇಲಕ್ಕೆ ತಳ್ಳುವುದಕ್ಕಾಗಿ ಸಮುದ್ರದ ನೀರನ್ನು ಬಾವಿಯೊಳಕ್ಕೆ ಹಾಯಿಸುವ ಪದ್ಧತಿಯಿದೆ. ಆ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್, ಅಂದರೆ ಗಂಧಕದ ಲವಣವಿರುತ್ತದೆ. ಪ್ರಾಣವಾಯುವಿಲ್ಲದ ಕಡೆ ಕೆಲವು ಜೀವಿಗಳು ಈ ಲವಣದಿಂದಲೇ ಉಸಿರಾಟದ ಕೆಲಸವನ್ನು ನಡೆಸಿಕೊಂಡು, ಹೈಡ್ರೋಜನ್ ಸಲ್ಫೈಡ್ ಎಂಬ ವಾಯುವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತದ ಈ ವಾಯುವು ಕಬ್ಬಿಣದ ಕೊಳವೆಗಳನ್ನು ತಿನ್ನುವುದಲ್ಲದೆ ಕೆಲಸಗಾರರ ಪ್ರಾಣಕ್ಕೂ ಅಪಾಯಕರ. ಪ್ರಮಾಣವು ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತದ ಎಚ್ಚರಿಕೆಯೂ ತಪ್ಪಿಹೋಗುತ್ತದೆ.

ಪರಿಹಾರ.— ಮೊದಲು ವಿಷದ್ರವ್ಯಗಳಿಂದ ಇವುಗಳನ್ನು ಕೊಲ್ಲಲು ಯತ್ನಿಸುತ್ತಿದ್ದರು. 1999ರಲ್ಲಿ ನಾರ್ವೆಯ ಗುಲ್‌ಫಾಕ್ಸ್ ಕ್ಷೇತ್ರದಲ್ಲಿ ವಿಷಕ್ಕೆ ಬದಲಾಗಿ, ಪೆಟ್ಲುಪ್ಪಿನ ಜಾತಿಯ ನೈಟ್ರೇಟ್ ಲವಣವನ್ನು ನೀರಿಗೆ ಸೇರಿಸಲಾರಂಭಿಸಿದರು. ನೈಟ್ರೇಟನ್ನು ಬಳಸುವ ಜೀವಿಗಳಿಗೆ ಅದೇ ಆಹಾರದಿಂದ ಹೆಚ್ಚು ಶಕ್ತಿ ದೊರೆಯುವುದರಿಂದ, ಅವು ಹೆಚ್ಚಿ ಗಂಧಕದ ಜೀವಿಗಳ ಆಹಾರವನ್ನು ಕಸಿದುಕೊಳ್ಳುತ್ತವೆ. ಹೀಗೆ ಶತ್ರುವನ್ನು ಕೊಲ್ಲದೆಯೇ ಸೋಲಿಸಿದಂತಾಗುತ್ತದೆ.

ಬತ್ತದ ಗದ್ದೆಗೆ ಇದರ ಸಂಬಂಧ.— ಗದ್ದೆಯ ಜೀವಿಗಳು ಉಷ್ಣಪ್ರಿಯಗಳಲ್ಲ. ಆದರೆ ಗಂಧಕದ ವಿಷಯದಲ್ಲಿ ಅವುಗಳದೂ ಇದೇ ಕಸಬು. ನೀರು ನಿಂತ ಕೆಸರಿನಲ್ಲಿ ಮೊದಲು ಪ್ರಾಣವಾಯುವೂ, ಅನಂತರ ನೈಟ್ರೇಟೂ, ಕ್ರಮವಾಗಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಸರದಿಯೂ ಮುಗಿದ ಮೇಲೆ ಸಲ್ಫೇಟಿನ ಸರದಿ ಬರುತ್ತದೆ. ಮಣ್ಣಿನಲ್ಲಿ ಕಬ್ಬಿಣವು ಸಾಕಷ್ಟಿದ್ದರೆ ವಿಷವಾಯುವನ್ನು ಹಿಡಿದು ಕಪ್ಪು ವಸ್ತುವಾಗಿ ಮಾರ್ಪಡಿಸುತ್ತದೆ. ಕಬ್ಬಿಣವು ತೊಳೆದುಹೋದ ಮರಳುಮಣ್ಣಿನಲ್ಲಿ ಮಾತ್ರ ವಾಯುವು ಬೇರನ್ನು ನೇರವಾಗಿ ತಾಕುತ್ತದೆ. ಜಪಾನಿನಲ್ಲಿ ಅಕಿಯೋಚಿ ಎಂದು ಕರೆಯುವ ಬತ್ತದ ರೋಗಕ್ಕೆ ಇದು ಒಂದು ಮುಖ್ಯ ಕಾರಣ. ಅಲ್ಲಿ ಪೈರು ಮೊದಮೊದಲು ಹುಲುಸಾಗಿ ಬೆಳೆದು, ತೆನೆಯ ಕಾಲಕ್ಕೆ ಸೊರಗುತ್ತದೆ.

ಎಣ್ಣೆಬಾವಿಯ ಮದ್ದನ್ನು ಗದ್ದೆಗೆ ಹಾಕತಕ್ಕದ್ದಲ್ಲ. ಕೆಸರಿನಲ್ಲಿ ನೈಟ್ರೇಟು ಅನಿಲವಾಗಿ ಹಾರಿಹೋಗಿ ಹಣವು ವ್ಯರ್ಥವಾಗುತ್ತದೆ. ಮರಳುಮಣ್ಣಿನ ಜವುಗು ಗದ್ದೆಯುಳ್ಳವರು ಪೈರು ಸೊರಗಿದಾಗ ಗೊಬ್ಬರವನ್ನು ಹೆಚ್ಚಿಸುವ ಮುನ್ನ ಒಂದು ಬುಡವನ್ನು ಕಿತ್ತು ನೋಡಬೇಕು. ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತವಿದ್ದರೆ ನೀರನ್ನು ಬಸಿದು ನೆಲಕ್ಕೆ ಗಾಳಿಯಾಡಿಸತಕ್ಕದ್ದು. ಅಂಥ ಗದ್ದೆಗೆ ಅರೆಕೊಳೆತ ಸೊಪ್ಪನ್ನು ನಾಟಿಯ ಹೊತ್ತಿಗೆ ತುಳಿಯದೆ, ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕುವುದೂ, ಅಮೋನಿಯಂ ಸಲ್ಫೇಟಿಗೆ ಬದಲಾಗಿ ಯೂರಿಯವನ್ನು ಬಳಸುವುದೂ ಲೇಸು. ಬಸಿಗಾಲುವೆಯು ಒಬ್ಬರ ಗದ್ದೆಯಲ್ಲಿಯೇ ಮುಗಿಯುವುದಿಲ್ಲವಾದ್ದರಿಂದ, ಗ್ರಾಮದ ಮುಖ್ಯಸ್ಥರು ನೆರೆಹೊರೆಯವರನ್ನು ಕೂಡಿಸಿ ನಾಟಿಗೆ ಮುಂಚೆಯೇ ಅದರ ಹೂಳನ್ನು ತೆಗೆಸುವುದು ಅವಶ್ಯಕ.