ಕೆರೆ ಏರಿಯ ಭದ್ರತೆ: ಅಚ್ಚುಕಟ್ಟಿನ ರೈತರು ತಿಳಿದಿರಬೇಕಾದ ವಿಷಯಗಳು

ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ ಕೆರೆಗಳ ಸರಪಳಿಯ ನೀರು ಕೃಷ್ಣರಾಜಪುರದ ಹೊರವಲಯದಲ್ಲಿರುವ ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರಿ, ಅಲ್ಲಿಂದ ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಈ ಕೆರೆಗಳನ್ನು ಕಟ್ಟಿದ ಕಾಲದಲ್ಲಿ ಜಲಾನಯನ ಪ್ರದೇಶವೆಲ್ಲ ಹೊಲ ಮತ್ತು ಗೋಮಾಳವಾಗಿತ್ತು. ಇಂದು ಅಲ್ಲಿ ಕಾಂಕ್ರೀಟ್ ಹರಡಿರುವುದರಿಂದ ಮಳೆನೀರು ಇಂಗದೆ ರಭಸದಿಂದ ಕೆರೆಗೆ ನುಗ್ಗುತ್ತದೆ. ಹಳೆಯ ಏರಿ ಮತ್ತು ಕೋಡಿಗಳ ಮೇಲಿನ ಹೊರೆ ಹೆಚ್ಚಿದೆ. ಸರಪಳಿಯಲ್ಲಿ ಮೇಲಿನ ಒಂದು ಏರಿ ಒಡೆದರೆ ಕೆಳಗಿನ ಕೆರೆಗೂ ಅಪಾಯ ತಪ್ಪಿದ್ದಲ್ಲ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಸರ್ಕಾರದ ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಕಟ್ಟೆಗಳು ಇದರ ವ್ಯಾಪ್ತಿಗೆ ಬರುತ್ತವೆ. 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಏರಿ 500 ಮೀಟರ್ ಅಥವಾ ಹೆಚ್ಚು ಉದ್ದವಿರುವ, ಇಲ್ಲವೇ 10 ಲಕ್ಷ ಘನ ಮೀಟರ್ ಅಥವಾ ಹೆಚ್ಚು ನೀರು ಹಿಡಿಯುವಂತಹ ಕಟ್ಟೆಗಳೂ ಸೇರುತ್ತವೆ. ಇವುಗಳ ಒಡೆತನದ ಇಲಾಖೆಯು ಮುಂಗಾರಿನ ಮೊದಲು ಮತ್ತು ನಂತರ ತಪಾಸಣೆ ನಡೆಸಿ, ತುರ್ತು ಕ್ರಿಯಾ ಯೋಜನೆಯನ್ನು ಸಿದ್ಧಪಡಿಸತಕ್ಕದ್ದು.

ನಮ್ಮ ಹೆಚ್ಚಿನ ಕೆರೆಗಳ ಏರಿ ಈ ಎತ್ತರವನ್ನು ಮುಟ್ಟುವುದಿಲ್ಲ. ಹಾಗೆಂದು ಅವು ನಿರಪಾಯಕಾರಿಯಲ್ಲ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಆದುದರಿಂದ ಕಾಯ್ದೆಯ ತಪಾಸಣಾ ಕ್ರಮವನ್ನು ಸಣ್ಣ ಕೆರೆಗಳಿಗೂ ಅನುಸರಿಸುವುದು ಸೂಕ್ತ.

ಏರಿ ಒಡೆಯುವುದು ಹೇಗೆ?

1. ಕೋಡಿ ಸಾಲದೆ ನೀರು ಏರಿಯ ನೆತ್ತಿಯ ಮೇಲೆ ಹರಿದಾಗ ಹೊರಮೈಯ ಮಣ್ಣು ಕೊಚ್ಚಿಹೋಗುತ್ತದೆ. ಹೆಚ್ಚು ನೀರು ನಿಲ್ಲಿಸುವ ಆಸೆಯಿಂದ ಕೋಡಿಗೆ ಮರಳುಮೂಟೆ ಅಡ್ಡವಿಡುವುದು ಈ ಅಪಾಯವನ್ನು ಕೈಯಾರೆ ತಂದುಕೊಂಡಂತೆ.

2. ಏರಿಯ ಬುಡದಲ್ಲಿ ತಿಳಿನೀರು ಅಲ್ಪವಾಗಿ ಜಿನುಗುವುದು ಸಾಮಾನ್ಯ. ಜಿನುಗು ಹೆಚ್ಚುತ್ತ ನೀರು ಕದಡಿ ಬಂದರೆ ಒಳಗಿನ ಮಣ್ಣು ಸವೆಯುತ್ತಿದೆ ಎಂದರ್ಥ. ಒಡನೆ ಇಲಾಖೆಗೆ ತಿಳಿಸಬೇಕು.

3. ಇಲಿ, ಏಡಿಗಳ ಬಿಲಗಳು, ಕೊಳೆತ ಮರದ ಬೇರುಗಳು ಮತ್ತು ಹಳೆಯ ತೂಬಿನ ಸುತ್ತಲಿನ ಸಂದುಗಳು ನೀರಿಗೆ ಒಳದಾರಿಯಾಗುತ್ತವೆ. ದೊಡ್ಡ ಮರವನ್ನು ಬೇರುಸಹಿತ ಕೀಳಬಾರದು; ಇಂಜಿನಿಯರರ ಸಲಹೆಯಂತೆ ನಿರ್ವಹಿಸಬೇಕು. ಕೊಳವೆ ಹಾಕಲೆಂದು ಏರಿಯನ್ನು ಅಗೆಯಲೇಬಾರದು.

ಕಾಮಗಾರಿಯ ವರ್ಷದ ಬೆಳೆ ಯೋಜನೆ

ದುರಸ್ತಿಗಾಗಿ ಕೆರೆಯ ನೀರನ್ನು ತಗ್ಗಿಸಬೇಕಾಗುತ್ತದೆ. ಅಚ್ಚುಕಟ್ಟಿನ ರೈತರಿಗೂ ಮೀನುಗಾರರಿಗೂ ಇದರಿಂದ ನಷ್ಟವಾಗುವುದು ಸಹಜ. ಆದರೆ ಅವಸರದಿಂದ ನೀರು ಹೊರಬಿಟ್ಟರೆ, ನೆನೆದ ಒಳಮೈ ಆಧಾರವಿಲ್ಲದೆ ಕುಸಿಯಬಹುದು. ಬೇಸಿಗೆಯಲ್ಲಿ ತೂಬಿನ ಮೂಲಕ ನಿಧಾನವಾಗಿ ತಗ್ಗಿಸುವುದೇ ಸರಿ. ಆ ನೀರನ್ನು ಸರದಿಯ ಪ್ರಕಾರ ನಿಂತ ಬೆಳೆಗೆ ಬಳಸಿಕೊಳ್ಳಬಹುದು.

ಕಾಮಗಾರಿಯ ದಿನಾಂಕ ಮೊದಲೇ ತಿಳಿದರೆ ರೈತರು ಭತ್ತ ಮತ್ತು ದೀರ್ಘಾವಧಿ ತರಕಾರಿಗಳನ್ನು ಕೈಬಿಟ್ಟು, ಮಳೆಯಾಶ್ರಯದಲ್ಲಿ ಅಲ್ಪಾವಧಿಯ ಜಿ.ಪಿ.ಯು.-48 ರಾಗಿ, ಹೆಬ್ಬಾಳ ಅವರೆ-4, ಹುರುಳಿ ಅಥವಾ ಮೇವಿನ ಜೋಳವನ್ನು ಬೆಳೆಯಬಹುದು. ಆದುದರಿಂದ ಬಿತ್ತನೆಗೆ ಮುಂಚೆಯೇ ಗ್ರಾಮಸಭೆಯಲ್ಲಿ ವೇಳಾಪಟ್ಟಿಯನ್ನು ಪಡೆಯುವಂತೆ ವಿಸ್ತರಣಾ ಕಾರ್ಯಕರ್ತರು ಶ್ರಮಿಸಬೇಕು.

ಕೆರೆಯ ಗೋಡು ಹೊಲಕ್ಕೆ ಒಳ್ಳೆಯದೆಂಬ ನಂಬಿಕೆ ಸರಿಯೇ. ಆದರೆ ನಗರದ ಕೊಳಚೆ ಸೇರಿದ ಕೆರೆಗಳ ಗೋಡಿನಲ್ಲಿ ಭಾರ ಲೋಹಗಳಿರುವ ಸಾಧ್ಯತೆಯಿದೆ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ, ಮುಖ್ಯವಾಗಿ ಸೊಪ್ಪು ತರಕಾರಿ ಬೆಳೆಯುವ ಭೂಮಿಗೆ, ಅದನ್ನು ಹಾಕಬಾರದು.

ಊರಿನ ಹೊಣೆ

ಹಿಂದೆ ನೀರಗಂಟಿಯು ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ನಡೆದು ನೋಡುತ್ತಿದ್ದನು. ಆ ಪದ್ಧತಿ ನಿಂತಿರುವ ಊರುಗಳಲ್ಲಿ ಕೆರೆ ಬಳಕೆದಾರರು ಸರದಿಯಂತೆ ಈ ಕೆಲಸವನ್ನು ವಹಿಸಿಕೊಳ್ಳಬೇಕು. ಕೋಡಿಯಲ್ಲಿ ಕಳೆ, ಕಸ ತೆಗೆದಿದೆಯೇ, ತೂಬು ಸಲೀಸಾಗಿ ತೆರೆಯುತ್ತದೆಯೇ, ಏರಿಯಲ್ಲಿ ಬಿರುಕು ಅಥವಾ ತಗ್ಗು ಕಾಣುತ್ತದೆಯೇ ಎಂಬುದನ್ನು ಮೇ ತಿಂಗಳೊಳಗೆ ನೋಡಿ, ಪುಸ್ತಕದಲ್ಲಿ ದಾಖಲಿಸಿ, ಕೆರೆಯ ಒಡೆತನದ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಏರಿಯ ಕೆಳಗಿನ ಮನೆಗಳ ಪಟ್ಟಿಯೂ ಎತ್ತರದ ಸುರಕ್ಷಿತ ಸ್ಥಳದ ಮಾಹಿತಿಯೂ ಅದೇ ಪುಸ್ತಕದಲ್ಲಿರಲಿ.